ನಳಿಗೆಯ ಮೇಲಿನ ನಾಲ್ಕು ಬೆರಳು

ಮಾಸಿದ ವಸ್ತು ಯಾವುದೂ ನನ್ನ ಗಂಡನ ಕಣ್ಣಿಗೆ ಬೀಳಬಾರದಿತ್ತು. ಶಾಲೆಯ ಕರಿಹಲಗೆಗೆ ವರ್ಷಕ್ಕೆರಡು ಸಲ ತಾವೇ ಮಸಿ ಬಳಿಯುತ್ತಿದ್ದರು. ಒಮ್ಮೆ ಕೊಡೆಯ ಹಿಡಿಗೆ ಕೆಂಪು ಬಣ್ಣ ಹಚ್ಚಿ, ಅದು ಒಣಗುವ ಮುಂಚೆಯೇ ಹಿಡಿದುಕೊಂಡು ಹೋಗಿ, ದಿನವಿಡೀ ಕೆಂಪು ಕೈಯಲ್ಲಿ ಪಾಠ ಹೇಳಿದ ಮೇಷ್ಟ್ರು ಅವರು. ಅಂಥವರ ಕಣ್ಣಿಗೆ ಒಂದು ದಿನ ನಮ್ಮ ಮನೆಯ ಕೋವಿ ಬಿತ್ತು.

ಕೊಡಗು ಆಗ ತನ್ನದೇ ಒಂದು ರಾಜ್ಯ. ಮಡಿಕೇರಿಯೇ ನಮಗೆ ರಾಜಧಾನಿ. ನಮ್ಮ ಮಾವ ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಗದ್ದೆ ಮಾಡಿದಾಗ ಹಂದಿ ಕಾಟಕ್ಕೆಂದು ಕೊಂಡಿದ್ದ ಕೇಪಿನ ಕೋವಿ ಅದು, ನಳಿಗೆಗೆ ಮದ್ದು ತುಂಬಿ ಹೊಡೆಯುವಂಥದ್ದು. ಕೊಡವರಿಗೆ ಕೋವಿಗೆ ಲೈಸೆನ್ಸ್ ಬೇಡ, ನಮ್ಮಂಥ ಹೊರಗಿನಿಂದ ಬಂದವರಿಗೆ ಬೇಕು. ಮಾವ ತೀರಿಕೊಂಡ ಮೇಲೆ ಲೈಸೆನ್ಸ್ ನನ್ನ ಗಂಡನ ಹೆಸರಿಗೆ ಬಂತು. ಇವರು ಅದರಿಂದ ಒಂದು ಹಂದಿಯನ್ನೂ ಹೊಡೆದವರಲ್ಲ. ಸಂಜೆ ಗದ್ದೆಯ ಬದುವಿನ ಮೇಲೆ ನಿಂತು ಆಕಾಶಕ್ಕೆ ಒಂದು ಈಡು ಹಾರಿಸುತ್ತಿದ್ದರು, ಅಷ್ಟೆ. ಆ ಸದ್ದಿಗೆ ಹಂದಿಗಳು ಪಕ್ಕದ ಕಾಡಿನಲ್ಲೇ ಉಳಿಯುತ್ತಿದ್ದವು. ಸದ್ದಿಲ್ಲದಿದ್ದರೆ ನಮ್ಮ ವರ್ಷದ ಭತ್ತ ಅವುಗಳ ಪಾಲು.

ಕೋವಿಯ ನಳಿಗೆಯೆಲ್ಲ ನೀಲಿಗಪ್ಪು. ನಡುವೆ ಮಾತ್ರ ನಾಲ್ಕು ಬೆರಳಗಲ ಬಣ್ಣ ಹೋಗಿ ಬೆಳ್ಳಗಿನ ಉಕ್ಕು ಕಾಣುತ್ತಿತ್ತು. ಅದು ನಮ್ಮ ಅತ್ತೆಯ ಕೆಲಸ. ಪ್ರತಿ ಆಯುಧಪೂಜೆಗೂ ಅಲ್ಲೇ ವಿಭೂತಿ, ಅಲ್ಲೇ ಕುಂಕುಮ. ಕುಂಕುಮ ನಿಂತರೆ ಕಬ್ಬಿಣ ಕೆಡುತ್ತದೆಂದು ಮಾರನೇ ದಿನ ಹಿತ್ತಾಳೆ ದೀಪ ಉಜ್ಜಿದ ಹಾಗೆ ಹುಣಸೆಹಣ್ಣು ಹಾಕಿ ಉಜ್ಜಿಬಿಡುತ್ತಿದ್ದರು. ಇಪ್ಪತ್ತು ವರ್ಷ ಹಾಗೆ ಉಜ್ಜಿದರೆ ಯಾವ ಬಣ್ಣ ನಿಲ್ಲುತ್ತದೆ?

"ಲೈಸೆನ್ಸ್ ರಿನ್ಯೂ ಮಾಡ್ಸೋಕೆ ಇದನ್ನ ಹಿಂಗೇ ಹಿಡ್ಕೊಂಡು ಹೋದ್ರೆ ಮಾನ ಹೋಗ್ತದೆ ಕಣೇ," ಎಂದರು ನನ್ನ ಗಂಡ.

"ಹೋದ ವರ್ಷ ಹೋಗ್ಲಿಲ್ವಾ ಮಾನ?" ಎಂದೆ.

ಜಗಲಿಯಲ್ಲಿ ಕೂತಿದ್ದ ಅತ್ತೆ ಕೇಳಿದರು: "ಬಣ್ಣ ಹಾಕಿದ್ರೆ ಸದ್ದು ಜಾಸ್ತಿ ಬತ್ತದೇನೋ?"

ಇಬ್ಬರ ಮಾತನ್ನೂ ಕೇಳದೆ ಇವರು ಪಕ್ಕದ ತೋಟದ ಕೊಡವರೊಬ್ಬರ ಹತ್ತಿರ ಹೋದರು. ಮಿಲಿಟರಿಯಲ್ಲಿದ್ದು ನಿವೃತ್ತರಾದವರು, ಕೋವಿಯ ವಿಷಯದಲ್ಲಿ ಅವರು ಹೇಳಿದ್ದೇ ವೇದ. "ಕಾಚಂಪುಳಿ ಹಚ್ಚಿ ತುಕ್ಕು ಹಿಡಿಸಿ ಮೇಷ್ಟ್ರೇ. ಮೇಲೆ ಕುದಿಯೋ ನೀರು ಹೊಯ್ಯಿರಿ. ಕೆಂಪಿದ್ದದ್ದು ಕಪ್ಪಾಗ್ತದೆ. ಮೂರು ದಿನ ಹಾಗೇ ಮಾಡಿ," ಎಂದರಂತೆ. ಕಾಚಂಪುಳಿಯೆಂದರೆ ಅವರ ಕಡೆ ಹಂದಿ ಸಾರಿಗೆ ಹಾಕುವ ಕಪ್ಪು ಹುಳಿ. ಅವರ ಹೆಂಡತಿ ಪ್ರೀತಿಯಿಂದ ಕೊಟ್ಟಿದ್ದ ಒಂದು ಬಾಟಲಿ ನನ್ನ ಹತ್ತಿರ ಇತ್ತು. ಮೀನು ಸಾರಿಗೆಂದು ಚಮಚದಲ್ಲಿ ಅಳೆದು ಅಳೆದು ಉಳಿಸಿದ್ದೆ. ಅದರಲ್ಲಿ ಅರ್ಧವನ್ನು ಕೋವಿ ಕುಡಿಯಿತು. ನನ್ನ ಹೊಟ್ಟೆ ಉರಿದುಹೋಯಿತು.

ಮೂರು ದಿನ ಬಚ್ಚಲುಮನೆಯಲ್ಲಿ ಯಾರಿಗೂ ಸ್ನಾನವಿಲ್ಲ. ಹಂಡೆಯ ನೀರು ಕುದಿಸುವವಳು ನಾನು, ಚೊಂಬಿನಲ್ಲಿ ಹೊಯ್ಯುವವರು ಇವರು. ಹೊಯ್ದು, ಗೋಣಿಚೀಲದಿಂದ ತಿಕ್ಕಿ, ಮತ್ತೆ ಹುಳಿ ಹಚ್ಚಿ ಇಡುವುದು. ಸುಳ್ಳೇಕೆ ಹೇಳಲಿ, ಮೂರನೇ ದಿನ ಎಣ್ಣೆ ಒರೆಸಿದಾಗ ಬಿಳಿ ಜಾಗ ಎಲ್ಲಿತ್ತೆಂದು ನನಗೇ ಗೊತ್ತಾಗಲಿಲ್ಲ.

ಮಾರನೇ ಬೆಳಿಗ್ಗೆ ಕೋವಿಗೆ ಬೆಡ್‌ಶೀಟ್ ಸುತ್ತಿ ಮಡಿಕೇರಿ ಬಸ್ಸು ಹತ್ತಿದೆವು. ಇನ್ನೊಂದು ಬಾಟಲಿ ಕಾಚಂಪುಳಿ ಕೊಡಿಸದೆ ಬಿಡುವುದಿಲ್ಲವೆಂದು ನಾನೂ ಹೊರಟಿದ್ದೆ. ಅತ್ತೆ ಬುತ್ತಿಗೆ ಬಾಳೆಲೆಯಲ್ಲಿ ಹುಣಸೆಹಣ್ಣು ಕಲಸಿದ ಹುಳಿ ಅನ್ನ ಕಟ್ಟಿಕೊಟ್ಟಿದ್ದರು.

ಲೈಸೆನ್ಸ್ ಕಚೇರಿಯ ಗುಮಾಸ್ತರು ಕೋವಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ರಿಜಿಸ್ಟರ್ ತೆಗೆದು ಓದಿದರು: "ಕೇಪಿನ ಕೋವಿ ಒಂದು. ಹಳೆಯದು. ನಂಬರ್ ಇಲ್ಲ. ಗುರುತು: ನಳಿಗೆಯ ನಡುವೆ ನಾಲ್ಕು ಬೆರಳಗಲ ಬಣ್ಣ ಹೋಗಿ ಬೆಳ್ಳಗಿದೆ." ಕನ್ನಡಕ ಇಳಿಸಿದರು. "ಇದು ನಿಮ್ಮ ಕೋವಿ ಅಲ್ಲ ಮೇಷ್ಟ್ರೇ."

"ನಮ್ದೇ ಸ್ವಾಮಿ. ಬಣ್ಣ ನಾನೇ ಹಾಕ್ದೆ."

"ಇರಬಹುದು. ಗುರುತು ತಾಳೆ ಆಗೋವರೆಗೆ ಕೋವಿ ಇಲ್ಲೇ ಇರಲಿ. ಸಾಹೇಬರು ಟೂರಿಂದ ಬಂದು ವಿಚಾರಣೆ ಮಾಡ್ತಾರೆ. ಒಂದೆರಡು ತಿಂಗಳು."

ಗದ್ದೆಯಲ್ಲಿ ಭತ್ತ ಹಾಲು ಕಟ್ಟುತ್ತಿತ್ತು. ಎರಡು ತಿಂಗಳು ಸದ್ದಿಲ್ಲದಿದ್ದರೆ ನಾವು ಕೊಯ್ಯುವುದು ಬರೀ ಹುಲ್ಲು. ನನ್ನ ಗಂಡ ಇಂಗು ತಿಂದ ಮಂಗನ ಹಾಗೆ ನಿಂತಿದ್ದರು. ಅವರನ್ನು ನೋಡಿ ಸಿಟ್ಟು ಬಂತು, ಅಯ್ಯೋ ಪಾಪ ಅಂತಲೂ ಅನ್ನಿಸಿತು. ಆಗ ಕೈಯಲ್ಲಿದ್ದ ಬುತ್ತಿಯ ನೆನಪಾಯಿತು.

"ಐದು ನಿಮಿಷ ಕೊಡಿ ಸ್ವಾಮಿ, ನಿಮ್ಮ ಕಣ್ಣೆದುರೇ ಇರ್ತೀನಿ," ಎಂದು ಕೋವಿಯನ್ನು ಕಚೇರಿಯ ಜಗಲಿಗೆ ತಂದೆ. ಬಾಳೆಲೆ ಬಿಚ್ಚಿ ಹುಳಿ ಅನ್ನವನ್ನು ನಳಿಗೆಯ ನಡುವೆ ಮೆತ್ತಿದೆ. ಸ್ವಲ್ಪ ಹೊತ್ತು ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಅತ್ತೆ ಉಜ್ಜಿದ ಹಾಗೇ ಉಜ್ಜಿದೆ. ಜವಾನ ಬಂದು ನೋಡಿದ, ಟೈಪಿಸ್ಟ್ ಬಂದರು, ಕೊನೆಗೆ ಗುಮಾಸ್ತರೂ ಬಂದರು. ಮೂರು ದಿನದ ಬಣ್ಣ ಕಪ್ಪು ನೀರಾಗಿ ಇಳಿಯಿತು. ಒಗ್ಗರಣೆಯ ಕಡಲೆಬೇಳೆಯ ನಡುವೆ ಬಿಳಿ ಉಕ್ಕು ಹೊಳೆಯಿತು. ಅತ್ತೆಯ ಮೇಲೆ ನನಗೆ ನಿಜವಾದ ಪ್ರೀತಿ ಹುಟ್ಟಿದ್ದು ಅವತ್ತೇ, ಆ ಜಗಲಿಯಲ್ಲೇ.

ಗುಮಾಸ್ತರು ಬೆರಳಿಟ್ಟು ಅಳೆದರು. "ಐದು ಬೆರಳಿದೆಯಲ್ಲಮ್ಮ."

"ನಿಮ್ಮ ಬೆರಳು ಸಣ್ಣ. ರಿಜಿಸ್ಟರ್ ಬರೆದೋರ ಬೆರಳು ತರಿಸಿ ಅಳೀರಿ," ಎಂದೆ.

ಅವರು ನಗು ತಡೆದುಕೊಂಡು ಒಳಗೆ ಹೋಗಿ ಮೊಹರು ಒತ್ತಿದರು.

ಮನೆ ಸೇರುವಾಗ ಬಿಸಿಲು ಇಳಿದಿತ್ತು. ಇವರು ಕಾಲು ಕೂಡ ತೊಳೆಯದೆ ಕೋವಿ ಹಿಡಿದು ನೇರ ಗದ್ದೆಗೆ ನಡೆದರು. ಢಂ ಎಂದು ಸದ್ದು ಬಂದಾಗ ಜಗಲಿಯಲ್ಲಿದ್ದ ಅತ್ತೆ ಉಸಿರು ಬಿಟ್ಟು ನನ್ನ ಕಡೆ ತಿರುಗಿದರು.

"ಹುಳಿ ಅನ್ನ ಸಾಕಾಯ್ತೇನಮ್ಮ?"

"ನಮ್ಗೆಲ್ಲಿ ಸಿಕ್ತು ಅತ್ತೆ," ಎಂದೆ. "ಎಲ್ಲಾ ಕೋವಿನೇ ತಿಂತು."