ಹಿಮಗಾಳಿಯಲ್ಲಿ ಕಂಬಿ ಬಾರಿಸುವ ಟೀಚರಮ್ಮ

ಬೆಳಗಿನ ಜಾವ. ಎದುರಿನ ಬೇಲಿಯೂ ಕಾಣದಷ್ಟು ಹಿಮಗಾಳಿ ಎದ್ದಿದೆ. ಶಾಲೆಯ ಮುಂದಿನ ಕಂಬಕ್ಕೆ ನೇತುಹಾಕಿದ ರೈಲುಕಂಬಿಯ ತುಂಡಿಗೆ ಪೆಟ್ರೋನೆಲಾ ವಿಲ್ಚಿನ್ಸ್ಕಾ ಸುತ್ತಿಗೆಯಿಂದ ಬಾರಿಸುತ್ತಿದ್ದಾರೆ. ಒಂದಷ್ಟು ಏಟು, ಆಮೇಲೆ ಸುಮ್ಮನೆ ನಿಂತು ಕಿವಿಗೊಡುತ್ತಾರೆ. ಹುಲ್ಲುಗಾವಲಿನಲ್ಲಿ ದಾರಿ ತಪ್ಪಿದವರು ಈ ಸದ್ದು ಹಿಡಿದು ಊರು ಸೇರಬೇಕು. ಅವರು ಸುಮ್ಮನಾದಾಗ ಪಕ್ಕದಲ್ಲಿ ನಿಂತರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಗಾಳಿಯೊಳಗೆ ಯಾರೋ ಉತ್ತರ ಕೊಡಲು ಬಾಯಿ ತೆರೆದಂತಿರುತ್ತದೆ.

"ಕೈಗವಸು ಹಾಕ್ಕೊಳ್ಳೋ, ದೊಡ್ಡ ಪತ್ರಕರ್ತ! ಬೆರಳು ಉದುರಿಹೋದ್ರೆ ಯಾವುದ್ರಲ್ಲಿ ಬರೀತೀಯ?" ಎಂದು ಗದರುತ್ತಾರೆ. ನಾನು ಅವರ ಹಳೇ ಶಿಷ್ಯ, ಬೈಗುಳ ಹೊಸದೇನಲ್ಲ.

ಉತ್ತರ ಕಜಕಸ್ತಾನದ ನಮ್ಮೂರಿಗೆ ಈಗ ಚಂದದ ಹೆಸರಿದೆ. ಹಳಬರು ಮಾತ್ರ 'ಏಳನೇ ಗೂಟ' ಎನ್ನುತ್ತಾರೆ. ೧೯೩೬ರಲ್ಲಿ ಸೋವಿಯತ್ ಸರ್ಕಾರ ಪೋಲಿಷ್ ಸಂಸಾರಗಳನ್ನು ಗಡಿಪಾರು ಮಾಡಿ ದನದ ಬೋಗಿಗಳಲ್ಲಿ ತುಂಬಿ ತಂದು ಇಳಿಸಿದಾಗ ಇಲ್ಲಿದ್ದದ್ದು ನಂಬರು ಬರೆದ ಒಂದು ಗೂಟ ಅಷ್ಟೇ. ಪೆಟ್ರೋನೆಲಾಗೆ ಆಗ ಒಂಬತ್ತು ವರ್ಷ, ತಂಗಿ ತೆಕ್ಲಾಗೆ ಆರು. ಮೊದಲ ಚಳಿಗಾಲವನ್ನು ನೆಲ ಅಗೆದ ಗುಂಡಿಯಲ್ಲೇ ಕಳೆದರು. ಒಂದು ಬೆಳಿಗ್ಗೆ ಒಲೆಗೆ ಬೆರಣಿ ತರಲು ಹೋದ ತೆಕ್ಲಾ ಹಿಮಗಾಳಿಯಲ್ಲಿ ಕಾಣೆಯಾದಳು. ಹಿಮ ಕರಗಿದ ಮೇಲೂ ಬಟ್ಟೆಯ ಚೂರು ಕೂಡ ಸಿಗಲಿಲ್ಲ.

ಪೆಟ್ರೋನೆಲಾ ಟೀಚರಾದರು. ಹಗಲು ರಷ್ಯನ್ ಪಾಠ, ಸಂಜೆ ಅಡುಗೆಮನೆಯ ಕಿಟಕಿಗೆ ಕಂಬಳಿ ಕಟ್ಟಿ ಕದ್ದುಮುಚ್ಚಿ ಪೋಲಿಷ್. ಗಡಿಪಾರಿನ ಬಗ್ಗೆ ಪುಸ್ತಕವನ್ನೂ ಬರೆದರು. ಅದು ತೆಕ್ಲಾ ಬಾಗಿಲು ದಾಟುವಲ್ಲಿಗೆ ನಿಂತುಬಿಡುತ್ತದೆ.

"ಮುಂದಿನದು ಅವಳು ಬಂದ್ಮೇಲೆ ಬರೀತೀನಿ," ಎನ್ನುತ್ತಿದ್ದರು. "ಯಾರೋ ಕಜಕರು ಎತ್ಕೊಂಡು ಹೋಗಿ ಸಾಕಿರ್ತಾರೆ. ಈಗ ಮೊಮ್ಮಕ್ಕಳಿಗೆ ಬೈಕೊಂಡು ಕೂತಿರ್ತಾಳೆ ಮುದುಕಿ."

ನವೆಂಬರಿನಲ್ಲಿ ನಮ್ಮ ಚರ್ಚಿನಲ್ಲಿ ಸತ್ತವರ ಹೆಸರುಗಳನ್ನು ಕೂಗಿ ಪ್ರಾರ್ಥಿಸುತ್ತಾರೆ. ಹೆಸರನ್ನು ಮನೆಯವರೇ ಕೊಡಬೇಕು. ಪೆಟ್ರೋನೆಲಾ ಅಪ್ಪ-ಅಮ್ಮನ ಹೆಸರು ಕೊಡುತ್ತಿದ್ದರು, ತೆಕ್ಲಾಳದ್ದು ಮಾತ್ರ ಎಂದೂ ಕೊಟ್ಟವರಲ್ಲ. ಪಾದ್ರಿ ಒತ್ತಾಯ ಮಾಡಿದರೆ, "ಬದುಕಿರೋಳನ್ನ ಸತ್ತೋರ ಜೊತೆ ಸೇರಿಸಿ ಕೂಗಿದ್ರೆ ಅವಳು ಮನೆಗೆ ಬರೋದು ಹೇಗೆ ಫಾದರ್?" ಎಂದು ಬಾಯಿ ಮುಚ್ಚಿಸುತ್ತಿದ್ದರು.

ಕಳೆದ ಫೆಬ್ರವರಿಯಲ್ಲಿ ದೌಲೆತ್ ಎಂಬ ಕಜಕ ಕುರಿಗಾಹಿ ಗಾಳಿಗೆ ಸಿಕ್ಕಿಬಿದ್ದ. ಬೆಳಕು ಹರಿಯುವ ಹೊತ್ತಿಗೆ ಹುಬ್ಬು, ಮೀಸೆಗೆಲ್ಲ ಹಿಮ ಮೆತ್ತಿಕೊಂಡು ಬಂದು ಕಂಬದ ಬುಡದಲ್ಲಿ ಕುಸಿದ. ನಾನೂ ಅಲ್ಲಿದ್ದೆ.

"ನನ್ ಕಂಬಿ ಸದ್ದು ಅಷ್ಟು ದೂರ ಕೇಳ್ಸ್ತೇನೋ?" ಟೀಚರಮ್ಮನಿಗೆ ಹಿಗ್ಗು.

"ಎಲ್ಲಿ ಅಮ್ಮಾ, ಗಾಳಿ ಏನೂ ಕೇಳಿಸಗೊಡಲಿಲ್ಲ. ಕೂತ್ಬಿಟ್ಟಿದ್ದೆ, ನಿದ್ದೆ ಎಳೀತಿತ್ತು. ಒಂದು ಮಗು ಕರೀತು, ನಿಮ್ ಪೋಲಿಷ್ ಭಾಷೇಲಿ. ಮಲಗ್ಬೇಡ, ಬಾ, ಅಂತ. ಅದರ ದನಿ ಹಿಂದೇನೇ ಬಂದೆ. ಯಾರ ಮಗು ಅದು? ಈ ಚಳೀಲಿ ಹೊರಗೆ ಬಿಟ್ಟಿದೀರಲ್ಲ, ಬುದ್ಧಿ ಇದೆಯಾ ನಿಮಗೆ?"

ಊರಿನ ಮಕ್ಕಳೆಲ್ಲ ಮನೆಯೊಳಗೇ ಇದ್ದರು. ಟೀಚರಮ್ಮ ಅವನ ಭುಜ ಹಿಡಿದುಕೊಂಡರು. "ಸರಿಯಾಗಿ ನೆನಪು ಮಾಡ್ಕೋ. ಮುದುಕಿ ದನಿ ಅಲ್ವಾ?"

"ಅತ್ತೆ ಜೊತೆ ಒಂದೇ ಮನೇಲಿರೋನು ನಾನು, ಮುದುಕಿ ದನಿ ಗೊತ್ತಾಗಲ್ವಾ? ಐದಾರು ವರ್ಷದ ಹುಡುಗಿ."

"ಬೆಳೆದೇ ಇಲ್ಲ ಅವಳು," ಎಂದರು ಪೆಟ್ರೋನೆಲಾ. ಹಿಮದ ಮೇಲೇ ಕುಳಿತು ಅತ್ತರು. ಅರವತ್ತು ವರ್ಷ ಕಾದಿದ್ದ ಅಕ್ಕ ತಂಗಿಯನ್ನು ಕಳೆದುಕೊಂಡದ್ದು ಅವತ್ತು. ನನಗೂ ದುಃಖ ತಡೆಯಲಾಗಲಿಲ್ಲ.

ಕಳೆದ ತಿಂಗಳು ಚರ್ಚಿನ ಪ್ರಾರ್ಥನೆಯಲ್ಲಿ ಪಾದ್ರಿ ಎಲ್ಲರ ಕೊನೆಗೆ ತೆಕ್ಲಾ ವಿಲ್ಚಿನ್ಸ್ಕಾ ಎಂದು ಕೂಗಿದರು. ಹೆಸರು ಕೊಟ್ಟವರು ಟೀಚರಮ್ಮನೇ. ಆದರೂ ಈ ಚಳಿಗಾಲದ ಮೊದಲ ಗಾಳಿಗೇ ಸುತ್ತಿಗೆ ಹಿಡಿದು ಬಂದು ನಿಂತಿದ್ದಾರೆ.

"ಇನ್ನು ಯಾರಿಗೋಸ್ಕರ ಟೀಚರ್?" ಎಂದು ಕೇಳುತ್ತೇನೆ.

"ಇಷ್ಟು ದಿನ ಅವಳು ಬರಲಿ ಅಂತ ಬಾರಿಸ್ತಿದ್ದೆ," ಎನ್ನುತ್ತಾರೆ. "ಈಗ, ದಾರಿ ತಪ್ಪಿದೋರು ಈ ಸದ್ದಿಗೇ ಬಂದ್ಬಿಡ್ಲಿ ಅಂತ. ಅವರನ್ನ ಕರ್ಕೊಂಡ್ಬರೋಕೆ ಇಂಥಾ ಗಾಳೀಲಿ ಆ ಮಗು ಹೊರಗೆ ಹೋಗೋದು ಬೇಡ."