ಚಿಕ್ಕಮ್ಮನ ಮನೆಗೆ ದಾರಿ ತೆರೆದಾಗ

ಕಾಯಿಲೆ ಹಬ್ಬಿದ್ದ ಆ ವಸಂತದಲ್ಲಿ ಜಪಾನಿನ ಉರಯಾಸುವಿನ ನಮ್ಮ ಬೀದಿ ಯಾರೋ ಕನಸಿನಲ್ಲಿ ಕಂಡು ಮರೆತ ಬೀದಿಯ ಹಾಗಿತ್ತು. ಮಗಳ ಶಾಲೆ ಮುಚ್ಚಿತ್ತು. ಗಂಡನ ಶಿನಾಗಾವಾ ಆಫೀಸು ನಮ್ಮ ಊಟದ ಮೇಜಿಗೆ ಬಂದು ಕೂತಿತ್ತು. ಕಂಬದ ಮೇಲಿನ ಧ್ವನಿವರ್ಧಕದಿಂದ ನಗರಸಭೆಯ ಹೆಣ್ಣುದನಿ, ದಯವಿಟ್ಟು ಮನೆಯಲ್ಲೇ ಇರಿ ಎಂದು ಬಹಳ ವಿನಯದಿಂದ ಹೇಳುತ್ತಿತ್ತು. ಆಮೇಲೆ ತನ್ನದೇ ಪ್ರತಿಧ್ವನಿಯಲ್ಲಿ ಕರಗಿಹೋಗುತ್ತಿತ್ತು.

ದಿನ ಬಿಟ್ಟು ದಿನ ನಾನು ಆರು ವರ್ಷದ ಮಗಳನ್ನು ಕರೆದುಕೊಂಡು ನದಿಯ ಏರಿಯ ಮೇಲೆ ಹೋಗುತ್ತಿದ್ದೆ. ಅಲ್ಲಿಗೆ ನನ್ನ ಗೆಳತಿ ಬರುತ್ತಿದ್ದಳು. ಅವಳು ಯೆಮೆನ್ ದೇಶದವಳು. ಅವಳ ಗಂಡ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದ. ವಿದೇಶಿಯರಿಗಾಗಿ ನಡೆಸುತ್ತಿದ್ದ ಜಪಾನೀಸ್ ತರಗತಿಯಲ್ಲಿ ನಮ್ಮ ಕುರ್ಚಿಗಳು ಅಕ್ಕಪಕ್ಕ. ಒಂದು ಸಂಜೆ ತರಗತಿ ಮುಗಿಸಿ ಹೊರಬಂದಾಗ ಸಮುದ್ರದ ಬದಿಯ ದೊಡ್ಡ ಪಾರ್ಕಿನಲ್ಲಿ ಬಾಣಬಿರುಸು ಸಿಡಿಯಿತು. ಅವಳು ಬೆಚ್ಚಿ ನನ್ನ ಕೈ ಹಿಡಿದಳು. ಸ್ನೇಹ ಅಲ್ಲಿಂದ ಶುರುವಾಯಿತು. ನನಗೆ ಅರಬ್ಬಿ ಬಾರದು, ಅವಳಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಹಾಗಾಗಿ ನಾವು ಆಡುತ್ತಿದ್ದುದು ತೊದಲು ಜಪಾನೀಸ್. ಅವಳು ನನ್ನನ್ನು ಒನೇಸಾನ್ ಎನ್ನುತ್ತಿದ್ದಳು, ಅಕ್ಕ ಎಂಬ ಅರ್ಥದಲ್ಲಿ.

ಒಂದು ಬೆಳಿಗ್ಗೆ ನನ್ನ ಗಂಡ ಒಂದು ಕಿವಿಯಿಂದ ಹೆಡ್‌ಫೋನ್ ಸರಿಸಿ ಹೇಳಿದ: "ನ್ಯೂಸ್ ನೋಡ್ದ್ಯೇನೇ? ಯುಎನ್ ಚೀಫ್ ಅಪೀಲ್ ಮಾಡಿದಾರೆ. ಈ ಕಾಯಿಲೆ ಮೇಲೆ ಫೋಕಸ್ ಮಾಡೋಣ, ಎಲ್ಲಾ ಕಡೆ ಯುದ್ಧ ನಿಲ್ಸಿ ಅಂತ."

"ನಿಲ್ಲಿಸ್ತಾರಾ?"

"ಯಾರ್ ಕೇಳ್ತಾರೆ ಬಿಡು," ಎಂದು ಮತ್ತೆ ಮೀಟಿಂಗಿಗೆ ಹೋದ.

ಏರಿಯ ಮೇಲೆ ಗೆಳತಿಗೆ ಅದನ್ನೇ ಹೇಳಿದೆ. ಚೆರ್ರಿ ಹೂವಿನ ಕಾಲ ಮುಗಿಯುತ್ತಿತ್ತು. ನೋಡುವವರಿಲ್ಲದೆ ಎಸಳುಗಳು ನೀರಿಗೆ ಬೀಳುತ್ತಿದ್ದವು. "ಗೊತ್ತು," ಎಂದಳು. "ನಮ್ಮೂರಿಗೆ ಇಂಥ ಮಾತು ನಿಧಾನಕ್ಕೆ ತಲುಪತ್ತೆ, ಒನೇಸಾನ್."

ಕೆಲವು ವಾರಗಳಾದ ಮೇಲೆ ಅವಳು ಓಡುತ್ತಲೇ ಏರಿ ಹತ್ತಿ ಬಂದಳು. ಕೈಯಲ್ಲಿ ಫೋನು. ನಮಗೆ ಆಗ ಬೆಳಿಗ್ಗೆ ಹನ್ನೊಂದು, ಅಲ್ಲಿ ಐದು. ಅವಳ ಅಮ್ಮ ಮನೆಯ ತಾರಸಿಗೆ ಹೋಗಿ, ಫೋನನ್ನು ಆಕಾಶಕ್ಕೆ ಹಿಡಿದು ನಿಂತಿದ್ದರಂತೆ. ಗೆಳತಿ ಸ್ಪೀಕರ್ ಹಾಕಿ ಫೋನನ್ನು ಹುಲ್ಲಿನ ಮೇಲಿಟ್ಟು ದೂರ ಸರಿದಳು. ನಾನೂ ಮಗಳೂ ಈಚೆ ಬದಿಯಲ್ಲಿ ಬಗ್ಗಿ ಕೂತೆವು.

ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಎಲ್ಲೋ ಒಂದು ಕೋಳಿ. ಯಾರೋ ಅಂಗಳ ಗುಡಿಸುತ್ತಿದ್ದರು. ಗಾಳಿ ಫೋನಿನ ಬಾಯಿಗೆ ತಾಗಿ ಹೋಗುತ್ತಿತ್ತು. ಅದು ಅಲ್ಲಿಯ ಗಾಳಿಯೋ ನಮ್ಮ ನದಿಯದೋ ಎಂದು ಒಂದು ಗಳಿಗೆ ನನಗೆ ತಿಳಿಯಲಿಲ್ಲ.

"ನಾನಿಮೊ ಕಿಕೊಎನಾಯ್," ಎಂದಳು ಮಗಳು. ಏನೂ ಕೇಳಿಸ್ತಿಲ್ಲ.

"ಹೌದು ಪುಟ್ಟಿ, ಏನೂ ಕೇಳಿಸ್ತಿಲ್ಲ," ಎಂದಳು ಗೆಳತಿ. ಅವಳ ಮಾಸ್ಕು ಕಣ್ಣೀರಿನಿಂದ ಒದ್ದೆಯಾಗಿತ್ತು.

ಐದು ವರ್ಷಗಳಲ್ಲಿ ಇಂಥ ಬೆಳಗು ಅಲ್ಲಿ ಆಗಿರಲಿಲ್ಲವಂತೆ. ದೇಶದ ಎಲ್ಲ ಕಡೆಯೂ ಗುಂಡು ನಿಂತಿರಲಿಲ್ಲ. ಅವಳ ಊರಿನ ಆ ಭಾಗದಲ್ಲಿ ಮಾತ್ರ, ಯಾರು ಯಾರಿಗೆ ಹೇಳಿದರೋ, ನಿಂತಿತ್ತು. ಅಮ್ಮನ ಮನೆಗೂ ಚಿಕ್ಕಮ್ಮನ ಮನೆಗೂ ಒಂದು ಓಣಿಯಷ್ಟೇ ಅಂತರ, ನಡೆದರೆ ಕಾಲು ಗಂಟೆ. ಆದರೆ ಓಣಿಯ ಆ ತುದಿ ಒಂದು ಪಡೆಯ ಕೈಯಲ್ಲಿ, ಈ ತುದಿ ಇನ್ನೊಂದರ ಕೈಯಲ್ಲಿ. ಅಕ್ಕತಂಗಿಯರಿಬ್ಬರೂ ಒಂಟಿ ವಿಧವೆಯರು. ಐದು ವರ್ಷದಿಂದ ಮುಖ ನೋಡಿರಲಿಲ್ಲ.

"ಅಮ್ಮ ನಾಳೆ ಹೋಗ್ತಾಳಂತೆ," ಎಂದಳು ಗೆಳತಿ.

ನನಗೆ ಗಾಬರಿಯಾಯಿತು. ಇಲ್ಲಿ ಬೀದಿ ತುದಿಯ ಕೊಂಬಿನಿ ಅಂಗಡಿಯಿಂದ ಹಾಲು ತರಲು ಹೋಗಿ ಬಂದರೂ ನಾನು ಪೊಟ್ಟಣ ತೊಳೆಯುತ್ತಿದ್ದ ಕಾಲ. "ಬೇಡ ಅನ್ನು. ಗುಂಡು ನಿಂತಿದ್ರೂ ಕಾಯಿಲೆ ಇದ್ಯಲ್ಲ? ವಯಸ್ಸಾದೋರು, ಹೊರಗೆ ಹೋಗಬಾರ್ದು," ಎಂದೆ. ನಗರಸಭೆಯ ಧ್ವನಿವರ್ಧಕದ ಹಾಗೆಯೇ ಹೇಳಿದೆ. ಅವಳು ತಲೆಯಾಡಿಸಿದಳು. ಆದರೆ ಆ ಮಾತನ್ನು ಅಮ್ಮನಿಗೆ ದಾಟಿಸಲಿಲ್ಲ. ಹಾಗೆಂದು ಅವಳೇ ಆಮೇಲೆ ಒಪ್ಪಿಕೊಂಡಳು.

ಮರುದಿನ ನಾವು ಮಧ್ಯಾಹ್ನದಿಂದ ಏರಿಯ ಮೇಲೆ ಕಾದೆವು. ಅಮ್ಮನ ಫೋನ್ ಆಫ್ ಆಗಿತ್ತು. ಮಗಳು ದಂಡೆಯ ಕಲ್ಲು ಆರಿಸಿ ಸಾಲಾಗಿ ಇಡುತ್ತಿದ್ದಳು. ಆಚೆ ದಡದ ಕಟ್ಟಡಗಳು ಮಂಜಿನಲ್ಲಿ ತೇಲುತ್ತಿದ್ದವು. ಒಬ್ಬ ಮುದುಕ ನಾಯಿಯೊಡನೆ ಬಂದು, ಸುಮಿಮಾಸೆನ್, ಕ್ಷಮಿಸಿ, ಎಂದು ನಮ್ಮ ನಡುವೆ ಇದ್ದ ಜಾಗದಲ್ಲಿ ದಾಟಿಹೋದ.

ನಾಲ್ಕರ ಹೊತ್ತಿಗೆ ಒಂದು ಫೋಟೋ ಬಂತು. ಹೊಸ್ತಿಲಿನ ಒಳಗೆ ಒಬ್ಬ ಹೆಂಗಸು, ಹೊರಗೆ ಅಂಗಳದಲ್ಲಿ ಚಾಪೆ ಹಾಕಿಕೊಂಡು ಇನ್ನೊಬ್ಬಳು. ಇಬ್ಬರೂ ಹಳೆ ದುಪಟ್ಟಾ ಕತ್ತರಿಸಿ ಮೂಗು, ಬಾಯಿ ಕಟ್ಟಿಕೊಂಡಿದ್ದರು. ಐದು ವರ್ಷದ ಮೇಲೆ ಸಿಕ್ಕವರು ತಬ್ಬಿಕೊಂಡಿರಲಿಲ್ಲ. ಯಾರೋ ಆರೋಗ್ಯ ಕಾರ್ಯಕರ್ತೆ ದೂರ ಕೂರಲು ಹೇಳಿ, ಒಂದು ಸೋಪು ಕೊಟ್ಟು ಹೋಗಿದ್ದಳಂತೆ. ಗುಂಡು ನಿಂತದ್ದರಿಂದಲೇ ಅವಳೂ ಆ ಓಣಿಗೆ ಕಾಲಿಟ್ಟದ್ದು. ಗೆಳತಿ ಫೋನನ್ನು ಎದೆಗೆ ಒತ್ತಿಕೊಂಡು ನಕ್ಕಳು, ಅತ್ತಳು. ನಾನು ಎರಡು ಮಾರು ದೂರದಲ್ಲಿ ನಿಂತು ನನ್ನ ಎರಡೂ ಕೈಗಳನ್ನು ನಾನೇ ಹಿಸುಕಿಕೊಂಡೆ.

ಒಂಬತ್ತು ದಿನ ಅಮ್ಮ ಹಾಗೆಯೇ ಹೋಗಿ ಬಂದರು. ಹತ್ತನೆಯ ದಿನ ಓಣಿಯ ತುದಿಯಲ್ಲಿ ಮತ್ತೆ ಗುಂಡು ಹಾರಿತು, ದಾರಿ ಮುಚ್ಚಿತು. ಅಮ್ಮ ಆಚೆ, ಚಿಕ್ಕಮ್ಮನ ಮನೆಯಲ್ಲೇ ಉಳಿದರು. ಉಟ್ಟ ಬಟ್ಟೆ ಬಿಟ್ಟರೆ ತಂದದ್ದು ಏನೂ ಇರಲಿಲ್ಲ.

ಮುಂದಿನ ವರ್ಷ ಗೆಳತಿಯ ಗಂಡನಿಗೆ ಫುಕುವೋಕಾದಲ್ಲಿ ಕೆಲಸ ಸಿಕ್ಕಿತು. ಅಲ್ಲಿಂದ ಒಮ್ಮೆ ಕರೆ ಮಾಡಿದವಳು ನನಗಿಂತ ಚುರುಕಾಗಿ ಜಪಾನೀಸ್ ಮಾತಾಡುತ್ತಿದ್ದಳು. ಅಮ್ಮ ಹೇಗಿದ್ದಾರೆ ಎಂದು ಕೇಳಿದೆ.

"ಚಿಕ್ಕಮ್ಮನ ಜತೇಲೇ ಇದಾಳೆ. ನಿಮಗೆ ಹೇಳಿರಲಿಲ್ಲ, ಆ ಬೇಸಿಗೇಲಿ ಅಮ್ಮಂಗೆ ತುಂಬಾ ಜ್ವರ ಬಂತು. ಉಸಿರೇ ಆಡ್ತಿರ್ಲಿಲ್ಲ. ಅದು ಆ ಕಾಯಿಲೆನೇ ಅಂತ ಪರೀಕ್ಷೆ ಮಾಡೋರು ಯಾರೂ ಇರ್ಲಿಲ್ಲ. ಚಿಕ್ಕಮ್ಮ ಹದಿನೈದು ದಿನ ನೀರು ಕಾಯಿಸಿ, ಗಂಜಿ ಕುಡಿಸಿ ಎಬ್ಬಿಸಿದಳು. ಆಮೇಲೆ ಚಿಕ್ಕಮ್ಮ ಮಲಗಿದಳು, ಅಮ್ಮ ಎಬ್ಬಿಸಿದಳು."

ಅತ್ತ ಫುಕುವೋಕಾದಲ್ಲಿ ಅವಳ ಮನೆಯ ಕುಕ್ಕರಿನ ಸೀಟಿ ಕೇಳಿತು. "ಒನೇಸಾನ್, ಒಂದು ನಿಮಿಷ," ಎಂದು ಒಳಗೆ ಹೋದಳು. ಅವಳು ಬರುವವರೆಗೂ ನಾನು ಫೋನನ್ನು ಕಿವಿಯಿಂದ ತೆಗೆಯಲಿಲ್ಲ.