ನಾನು ಹಿಡಿದ ಸ್ಟೂಲು

ಇವತ್ತು ಬೆಳಿಗ್ಗೆ ಜಯನಗರ ನಾಲ್ಕನೇ ಬ್ಲಾಕಿನ ಅಂಗಡಿಯೊಂದರಲ್ಲಿ ಒಂದು ಡಬ್ಬ ಕಣ್ಣಿಗೆ ಬಿತ್ತು. ಒಳಗೆ ಬಿಳಿ ಹತ್ತಿದಾರ, ಮರದ ಉಂಗುರ. ಮೇಲೆ 'ಹೊಸಬರಿಗಾಗಿ ಮ್ಯಾಕ್ರಮೆ' ಎಂಬ ಬರಹ. ಹೂಕುಂಡ ನೇತುಹಾಕುವ ದಾರದ ಬಲೆಯನ್ನು ನಾವೇ ಹೆಣೆದುಕೊಳ್ಳಬಹುದಂತೆ.

"ತಗೊಳ್ಳಿ ಅಂಕಲ್, ಸಖತ್ ಈಸಿ, ಹತ್ತು ನಿಮಿಷದ ಕೆಲಸ" ಎಂದಳು ಅಂಗಡಿಯ ಹುಡುಗಿ.

"ಹತ್ತು ನಿಮಿಷದಲ್ಲಿ ಆಗಲ್ಲಮ್ಮ!" ಎಂದು ನಾನು ಗದರಿದ ರೀತಿಗೆ ಪಕ್ಕದವರೆಲ್ಲ ತಿರುಗಿ ನೋಡಿದರು. ಪಾಪ, ಅವಳದೇನು ತಪ್ಪು? ನನ್ನ ಸಿಟ್ಟು ಬೇರೆಯವರ ಮೇಲಿತ್ತು.

ಚಿಕ್ಕಲಸಂದ್ರದಲ್ಲಿ ನಾನಿರುವ ಬಾಡಿಗೆ ಮನೆಯ ಕೆಳಗಡೆ ಮೂರು ವರ್ಷದ ಹಿಂದೆ ಪದ್ಮಿನಿ ಎಂಬವರಿದ್ದರು. ಭಾನುವಾರ ಬೆಳಿಗ್ಗೆ ಟೆರೇಸಿನಲ್ಲಿ ಶೀಟಿನ ನೆರಳಿಗೆ ಕೂತು ಮ್ಯಾಕ್ರಮೆ ಹೇಳಿಕೊಡುತ್ತಿದ್ದರು. ಬೀದಿಯ ನಾಲ್ಕೈದು ಹೆಂಗಸರು ಬರುತ್ತಿದ್ದರು, ಗಂಡಸು ನಾನೊಬ್ಬನೇ. ರಿಟೈರಾಗಿ, ಒಂದೇ ಪೇಪರನ್ನು ಎರಡು ಸಲ ಓದುತ್ತಿದ್ದವನನ್ನು ಅವರೇ ಕರೆದು ಕೂರಿಸಿದ್ದರು.

ಎಂಟು ದಾರ ಮಡಿಚಿ ಉಂಗುರಕ್ಕೆ ಹಾಕಿದರೆ ಹದಿನಾರು ಎಳೆ. ನಾಲ್ಕು ನಾಲ್ಕು ಎಳೆಗೆ ಒಂದು ಜಡೆ. ಒಂದು ಗಂಟು ಎಡದಿಂದ, ಇನ್ನೊಂದು ಬಲದಿಂದ. ನಾನೋ ಪ್ರತಿ ಸಲವೂ ಎಡದಿಂದಲೇ ಹಾಕುತ್ತಿದ್ದೆ. ನನ್ನ ಜಡೆ ಚಕ್ಕುಲಿಯ ಹಾಗೆ ಸುತ್ತಿಕೊಳ್ಳುತ್ತಿತ್ತು. ಪದ್ಮಿನಿ ನಗುತ್ತಿರಲಿಲ್ಲ. "ಪರ್ವಾಗಿಲ್ಲ ಸಾರ್, ಬಿಚ್ಚಿ. ಇದ್ರಲ್ಲಿ ಬಿಚ್ಚಕ್ಕಾಗ್ದೇ ಇರೋ ತಪ್ಪೇ ಇಲ್ಲ" ಎನ್ನುತ್ತಿದ್ದರು. ಬ್ಯಾಂಕಿನಲ್ಲಿ ಮೂವತ್ತು ವರ್ಷ ದುಡಿದರೂ ಅಂಥ ಮಾತು ನನಗೆ ಯಾರೂ ಹೇಳಿರಲಿಲ್ಲ. ಕೆಲವು ತಿಂಗಳಲ್ಲಿ ಶೀಟಿನ ಪೈಪಿಗೆ ಹನ್ನೊಂದು ಕುಂಡಗಳು ತೂಗಾಡಿದವು. ಒಂದು ನನ್ನದು.

ಮನೆಯ ಓನರ್ ಮುನಿರಾಜು ಅವರಿಗೆ ಇದು ಹಿಡಿಸಲಿಲ್ಲ. ಒಂದು ದಿನ ಪದ್ಮಿನಿ ದಾರ ತರಲು ಹೋಗಿದ್ದಾಗ ಕತ್ತರಿ ಹಿಡಿದು ಮೇಲೆ ಬಂದರು.

"ಮನೆ ಅಂತ ಕೊಟ್ರೆ ಸ್ಕೂಲ್ ಮಾಡ್ಕೊಂಡವ್ರೆ. ಸಾರ್, ಈ ಸ್ಟೂಲ್ ಸ್ವಲ್ಪ ಹಿಡ್ಕಳಿ."

ಹಿಡಿದೆ. ಬೇಡ ಎಂದರೆ ನನ್ನ ಮನೆಯನ್ನೂ ಖಾಲಿ ಮಾಡಿಸಿಯಾರು ಎಂಬ ಭಯ. ಅವರು ಒಂದೊಂದೇ ಕತ್ತರಿಸಿದರು. ಬಿದ್ದ ಕುಂಡಗಳು ಒಡೆದವು. ನನ್ನದು ಬಿದ್ದಾಗಲೂ ನಾನು ಸ್ಟೂಲು ಬಿಡಲಿಲ್ಲ. ನೀವೇ ಹೇಳಿ, ಇಂಥವನನ್ನು ಏನೆಂದು ಕರೆಯಬೇಕು?

ಪದ್ಮಿನಿ ಬಂದು ಮಣ್ಣು, ಚೂರು, ತುಂಡುದಾರ ಎಲ್ಲವನ್ನೂ ನೋಡಿದರು. "ಓನರ್‌ಗೆ ಮಂಡಿ ನೋವು, ಒಬ್ರೇ ಹತ್ತಕ್ಕಾಗಲ್ಲ. ಸ್ಟೂಲ್ ಯಾರು ಹಿಡ್ಕೊಂಡಿದ್ರು?"

"ನಾನೇ" ಎಂದೆ.

"ಹೇಳಿದ್ರೆ ನಾನೇ ಬಿಚ್ಚಿ ಕೊಡ್ತಿದ್ನಲ್ಲ ಸಾರ್" ಎಂದಷ್ಟೇ ಹೇಳಿದರು. ಮುಂದಿನ ತಿಂಗಳೇ ಕುಮಾರಸ್ವಾಮಿ ಲೇಔಟಿಗೆ ಹೊರಟುಹೋದರು. ಆ ದಿನ ಮುನಿರಾಜು ಮೇಲೆ ಹುಟ್ಟಿದ ಸಿಟ್ಟು ಆರಿಲ್ಲ. ನನ್ನ ಮೇಲಿನದು ಅದಕ್ಕಿಂತ ಹೆಚ್ಚು.

ಇವತ್ತು ಅಂಗಡಿಯಿಂದ ನೇರ ಬಸ್ಸು ಹತ್ತಿದೆ. ಕುಮಾರಸ್ವಾಮಿ ಲೇಔಟಿನಲ್ಲಿ ಕೇಳಿ ಕೇಳಿ ಪದ್ಮಿನಿಯವರ ಮನೆ ಹುಡುಕಿದೆ. ಒಳಗೆ ಹತ್ತಾರು ಜನ ದಾರ ಹಿಡಿದು ಕೂತಿದ್ದರು. ಬಾಗಿಲಲ್ಲೇ ನಿಂತು, "ತಪ್ಪಾಯ್ತಮ್ಮ. ಮತ್ತೆ ಕಲೀಬೇಕು ಅಂತ ಬಂದೆ" ಎಂದೆ.

ಕುಡಿಯಲು ನೀರು ಕೊಟ್ಟರು. ನಾನು ಕುಡಿದು ಮುಗಿಸುವವರೆಗೆ ಕಾದರು. "ಈ ಕ್ಲಾಸು ಹೊಸಬ್ರಿಗೆ ಸಾರ್. ನಿಮ್ಗೆ ಬರತ್ತಲ್ಲ" ಎಂದು, ನನ್ನನ್ನು ಕರೆಯದೆ ಒಳಗೆ ಹೋದರು.

ಅವರ ಮೇಲೆ ಸಿಟ್ಟು ಬರಲಿಲ್ಲ. ಅವರು ಅಂದದ್ದು ಸರಿಯೇ. ಗಂಟು ಹಾಕಲು ನನಗೆ ಬರುತ್ತಿತ್ತು, ಬಾರದಿದ್ದದ್ದು 'ಬೇಡ' ಎನ್ನಲು.

ಮನೆಗೆ ಬಂದಾಗ ಮುನಿರಾಜು ಗೇಟಿನ ಹತ್ತಿರ ನಿಂತಿದ್ದರು. "ಎಲ್ಲೋಗಿದ್ರಿ ಸಾರ್, ಬಿಸ್ಲಲ್ಲಿ?"

"ಪದ್ಮಿನಿಯವರ ಹತ್ರ. ಅವತ್ತು ನೀವು ಮಾಡಿದ್ದು ಅನ್ಯಾಯ. ಜೊತೆಗೆ ನಿಂತಿದ್ದು ನಂದೂ ಅನ್ಯಾಯ."

"ಅಯ್ಯೋ, ಹಳೇದು. ಬಿಡಿ ಸಾರ್" ಎಂದು ನಕ್ಕರು.

"ಬಿಡಲ್ಲ ಮುನಿರಾಜು. ಬೇಕಾದ್ರೆ ಮನೆ ಖಾಲಿ ಮಾಡಿಸಿ" ಎಂದೆ. ಅವರ ನಗು ನಿಂತಿತು. ನಾನು ಮೆಟ್ಟಿಲು ಹತ್ತಿದೆ.